ನಾಟ್ರಾಂಪಾಳ್ಯದ ಪತ್ತೇದಾರರು

ಹೊಸೂರಿನಿಂದ ಡೆಂಕಣಿಕೋಟೆ, ಅಲ್ಲಿಂದ ಅಂಚೆಟ್ಟಿ, ಅಂಚೆಟ್ಟಿಯಿಂದ ಕಾಡುದಾರಿ ಹಿಡಿದು ಹೊಗೇನಕಲ್ಲಿನತ್ತ ಸಾಗುವವರಿಗೆ ನಡುವೆ ನಾಟ್ರಾಂಪಾಳ್ಯವೆಂಬ ಊರು ಸಿಗುತ್ತದೆ. ಬಸ್ಸಿನ ಹಣೆಬರಹ ತಮಿಳು, ಅಂಗಡಿಗಳ ಬೋರ್ಡು ತಮಿಳು. ಆದರೆ ಬಸ್ಸಿನೊಳಗೆ ಸೀಟಿಗಾಗಿ ನಡೆದ ಜಗಳ ಅಪ್ಪಟ ಕನ್ನಡದ್ದು. ಕಾಸರಗೋಡಿನವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿಯೂ ಬೋರ್ಡು ಒಂದು, ಮಾತು ಇನ್ನೊಂದು.

1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡೂ ಹೊಸೂರೂ ಒಂದೇ ಮದರಾಸು ರಾಜ್ಯದ ಎರಡು ಮೂಲೆಗಳಾಗಿದ್ದುವು. ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಅವರು ಸೇಲಂ ಜಿಲ್ಲೆಯವರು. ಆ ಮೇಲೆ ನಾವು ಕೇರಳದ ಪಾಲಾದೆವು. ಅವರು ಇದ್ದಲ್ಲೇ ಇದ್ದರು. ಜಿಲ್ಲೆಯ ಹೆಸರು ಮಾತ್ರ 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಎಂದು ಬದಲಾಗುತ್ತ ಬಂತು. ಹೊಗೇನಕಲ್ ಎಂಬ ಹೆಸರನ್ನೇ ನೋಡಿ. ಹೊಗೆ ಏಳುವ ಕಲ್ಲು. ನೀರು ಬಂಡೆಗೆ ಅಪ್ಪಳಿಸಿ ಹೊಗೆಯಂತೆ ಮೇಲೇಳುವುದನ್ನು ಕಂಡು ಯಾರೋ ಕನ್ನಡದಲ್ಲಿ ಇಟ್ಟ ಹೆಸರು ತಮಿಳು ಬೋರ್ಡಿನ ಮೇಲೆ ಕುಳಿತು ಪ್ರವಾಸಿಗಳನ್ನು ಸ್ವಾಗತಿಸುತ್ತಿದೆ.

ಜಲಪಾತ ನೋಡಲೆಂದು ಹೊರಟ ನಾವು ನಾಟ್ರಾಂಪಾಳ್ಯದಲ್ಲಿ ಇಳಿದುದು ಹಳೆಯ ಪರಿಚಯದ ಒಂದು ಮನೆಗಾಗಿ. ಇಳಿಹೊತ್ತು. ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಆರನೆಯ ತರಗತಿಯ ಮೊಮ್ಮಗ ಪುಸ್ತಕದಂತೆ ತೆರೆದುಕೊಳ್ಳುವ ಒಂದು ಪುಟ್ಟ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಕಡ್ಡಿಯಿಂದ ಅದರ ಪರದೆಯನ್ನು ಕೆರೆಯುತ್ತಿದ್ದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವ ಯಾವುದೋ ಹಳೆಯ ಸಾಮಾನಿನ ಅಂಗಡಿಯಿಂದ ತಂದುಕೊಟ್ಟದ್ದಂತೆ.

ಮಕ್ಕಳ ಕೈಯಲ್ಲಿ ಇಂಥ ಯಂತ್ರ ಕಂಡೊಡನೆ ಹಿರಿಯರ ಹುಬ್ಬು ಗಂಟಾಗುವುದು ವಾಡಿಕೆ. ನಮ್ಮದೂ ಆಯಿತು. ಆದರೆ ಮುಂದಿನ ಅರ್ಧ ಗಂಟೆಯಲ್ಲಿ ನಡೆದುದನ್ನು ಓದುಗರ ಮುಂದಿಡಬೇಕು ಅನಿಸಿದ್ದರಿಂದಲೇ ಈ ಬರಹ.

ಪರದೆಯ ಮೇಲೆ ಹಳೆಯ ಕಾಲದ ಒಂದು ವಿಲಾಯತಿ ಕೊಟ್ಟಿಗೆಯ ಚಿತ್ರ. ಕಾಲಿಡಲು ಜಾಗವಿಲ್ಲದಷ್ಟು ಸಾಮಾನು. ಬದಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಪಟ್ಟಿ. ಪಟ್ಟಿಯಲ್ಲಿರುವ ವಸ್ತುಗಳನ್ನು ಚಿತ್ರದಲ್ಲಿ ಹುಡುಕಿ ಮುಟ್ಟಬೇಕು. ಎಲ್ಲವೂ ಸಿಕ್ಕರೆ ಅಪರಾಧಿಯ ಬಗ್ಗೆ ಒಂದು ಸುಳಿವು. ಹುಡುಗ ಇಂಗ್ಲಿಷ್ ಅಕ್ಷರಗಳನ್ನು ಸಲೀಸಾಗಿ ಓದುತ್ತಿದ್ದ. ಆದರೂ ಒಂದು ಕಡೆ ಸಿಕ್ಕಿಬಿದ್ದಿದ್ದ.

"ಅದೇನ್ಲಾ ಹಂಗೆ ಕೆರೀತಿದ್ದೀಯಾ?" ಎಂದರು ಅಜ್ಜಿ.

"ಕುದುರೆ ಬೂಟು ಹುಡುಕ್ತಾ ಇವ್ನಿ ಅಜ್ಜಿ. ಸಿಗಾಕಿಲ್ಲ ಅಂತೈತೆ."

ಪಟ್ಟಿಯಲ್ಲಿದ್ದ ಮಾತು 'ಹಾರ್ಸ್ ಶೂ'. ಹುಡುಗ ಅದನ್ನು ಬಿಡಿಸಿ ಅರ್ಥಮಾಡಿಕೊಂಡಿದ್ದ. ಹಾರ್ಸ್ ಎಂದರೆ ಕುದುರೆ, ಶೂ ಎಂದರೆ ಬೂಟು. ಚಿತ್ರದಲ್ಲಿದ್ದ ಬೂಟುಗಳನ್ನೆಲ್ಲ ಒಂದೊಂದಾಗಿ ಮುಟ್ಟಿದ್ದ. ತಪ್ಪು ಮುಟ್ಟಿದಾಗಲೆಲ್ಲ ಯಂತ್ರ ಅವನ ವೇಳೆಯನ್ನು ಕಡಿತ ಮಾಡಿತ್ತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಬೂಟು ಎಲ್ಲೈತೋ ನಾ ಕಾಣೆ. ಬಾಗ್ಲು ಮ್ಯಾಲೆ ಒಂದು ಲಾಳ ನೇತಾಕವ್ರೆ, ಅಷ್ಟೇ ನಂಗೆ ಕಾಣೋದು."

ಲಾಳ! ನಾವು ಹುಡುಗನಿಗೆ ಕಣ್ಣುಸನ್ನೆ ಮಾಡಿದೆವು. ಅವನು ಬಾಗಿಲ ಮೇಲಿನ ಲಾಳವನ್ನು ಮುಟ್ಟಿದ. ಪಟ್ಟಿಯಲ್ಲಿ 'ಹಾರ್ಸ್ ಶೂ' ಅಳಿಸಿಹೋಯಿತು. ಹುಡುಗ ಅಜ್ಜಿಯ ಮುಖ ನೋಡಿದ; ಅಜ್ಜಿಗೆ ತಾನು ಮಾಡಿದ್ದೇನೆಂದೇ ಗೊತ್ತಿಲ್ಲ. ಎತ್ತಿಗೆ ಲಾಳ ಕಟ್ಟಿಸಿ ಕಟ್ಟಿಸಿ ಆ ಕಬ್ಬಿಣದ ತುಂಡು ಅವರಿಗೆ ಕತ್ತಲಲ್ಲೂ ಗುರುತು. ಮೊಮ್ಮಗನಿಗೆ ಅಕ್ಷರ ಗೊತ್ತು, ವಸ್ತು ಗೊತ್ತಿಲ್ಲ. ಅಜ್ಜಿಗೆ ವಸ್ತು ಗೊತ್ತು, ಅಕ್ಷರ ಗೊತ್ತಿಲ್ಲ. ಇಬ್ಬರೂ ಸೇರಿ ಆ ಸಂಜೆ ಮೂರು ಕೋಣೆ ದಾಟಿದರು. ದರ್ಜಿಯವರು ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿಕೊಳ್ಳುವ ಟೊಪ್ಪಿಗೆಯೊಂದು ಮಾತ್ರ ಇಬ್ಬರಿಗೂ ಗೊತ್ತಾಗದೆ ನಮ್ಮ ಪಾಲಿಗೆ ಬಂತು.

ಅವರೆಕಾಯಿಯ ಮೊರ ಬದಿಗೆ ಸರಿದಿತ್ತು. ಅಷ್ಟರಲ್ಲಿ ಅಜ್ಜಿ ಕೇಳಿದ ಒಂದು ಪ್ರಶ್ನೆ ನಮ್ಮನ್ನು ಹಿಂಬಾಲಿಸಿಕೊಂಡು ಕಾಸರಗೋಡಿನವರೆಗೂ ಬಂತು. "ಇದ್ರಾಗೆ ನಮ್ ಮಾತು ಬರಾಕಿಲ್ವೇನ್ಲಾ?"

ಹುಡುಗ ಯಂತ್ರದ ಒಳಹೊಕ್ಕು ಭಾಷೆಗಳ ಪುಟ ತೆರೆದು ತೋರಿಸಿದ. ಜಪಾನೀಸ್, ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್. ಆರೇ ಆರು. "ತಮಿಳೂ ಇಲ್ಲ ಅಜ್ಜಿ," ಎಂದ, ಸಮಾಧಾನ ಹೇಳುವವನಂತೆ.

ಯಂತ್ರದ ಕತೆ

ಈ ಯಂತ್ರ ಜಪಾನಿನ ನಿಂಟೆಂಡೋ ಕಂಪೆನಿಯ 'ಡಿ.ಎಸ್.' ಎಂಬುದು. ಹೊರಬಂದುದು 2004ರಲ್ಲಿ. ಮೇಲೊಂದು ಕೆಳಗೊಂದು ಎರಡು ಪರದೆ. ಕೆಳಗಿನದನ್ನು ಕಡ್ಡಿಯಿಂದ ಮುಟ್ಟಿ ಆಡಬಹುದು. ಲೋಕದಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ತಯಾರಿಕೆ ನಿಂತು ಹತ್ತು ವರ್ಷಗಳೇ ಕಳೆದುವು. ಆದರೂ ಗಟ್ಟಿಮುಟ್ಟಾದ ಸಾಮಾನು; ಕೈಯಿಂದ ಕೈಗೆ ದಾಟುತ್ತ ನಾಟ್ರಾಂಪಾಳ್ಯದ ಜಗಲಿಯವರೆಗೂ ಬಂದಿದೆ.

ಅಂಗೈಯಲ್ಲಿ ಹಿಡಿಯುವ ಆಟದ ಯಂತ್ರಗಳನ್ನು ಇದೇ ಕಂಪೆನಿ 1980ರಲ್ಲಿ 'ಗೇಮ್ ಅಂಡ್ ವಾಚ್' ಎಂಬ ಹೆಸರಿನಿಂದ ಆರಂಭಿಸಿತ್ತು. ಅದನ್ನು ರೂಪಿಸಿದ ಗುನ್‌ಪೇ ಯೊಕೊಯಿ ಎಂಬಾತ ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕುಳಿತಿದ್ದ ಒಬ್ಬ ಗುಮಾಸ್ತನನ್ನು ಕಂಡು ಈ ಯೋಚನೆ ಮಾಡಿದನೆಂದು ಹೇಳುತ್ತಾರೆ. ನಮ್ಮ ಸಂತೆ ಜಾತ್ರೆಗಳಿಗೆ 1990ರ ದಶಕದಲ್ಲಿ ಬಂದ ಇಟ್ಟಿಗೆ ಜೋಡಿಸುವ ಅಗ್ಗದ ಆಟದ ಪೆಟ್ಟಿಗೆಗಳನ್ನು ಹಲವರು ನೆನಪಿಟ್ಟುಕೊಂಡಿರಬಹುದು. ಅವುಗಳಲ್ಲಿ ಬೆರಳಿಗೆ ಕೆಲಸ, ಭಾಷೆಗೆ ಕೆಲಸವಿಲ್ಲ.

ಅಡಗಿದ ವಸ್ತು ಹುಡುಕುವ ಪತ್ತೇದಾರಿ ಆಟ ಬೇರೆ ಜಾತಿಯದು. ಅಮೆರಿಕದ ಸಿಯಾಟಲ್ ನಗರದ ಬಿಗ್ ಫಿಶ್ ಗೇಮ್ಸ್ ಕಂಪೆನಿ 2005ರಲ್ಲಿ ಕಂಪ್ಯೂಟರಿಗಾಗಿ 'ಮಿಸ್ಟರಿ ಕೇಸ್ ಫೈಲ್ಸ್' ಎಂಬ ಮಾಲೆಯನ್ನು ಹೊರಡಿಸಿ ಇದನ್ನು ಜನಪ್ರಿಯಗೊಳಿಸಿತು. 2008ರಲ್ಲಿ ಆ ಮಾಲೆಯ ಒಂದು ಆಟ ಈ ಎರಡು ಪರದೆಯ ಯಂತ್ರಕ್ಕೂ ಬಂತು. ಕಾಣೆಯಾದ ಒಬ್ಬ ಕೋಟ್ಯಧಿಪತಿಯನ್ನು ಪತ್ತೆಹಚ್ಚುವ ಕತೆ. ಬೆನ್ನಿಗೇ ಅದೇ ಮಾದರಿಯ ಅನೇಕ ಆಟಗಳು ಹುಟ್ಟಿಕೊಂಡುವು.

ಅಡಗಿಸುವ ಉಪಾಯಗಳು ಮಾತ್ರ ನಮ್ಮ ಅಜ್ಜಂದಿರಿಗೂ ಗೊತ್ತಿದ್ದುವೇ. ಕಂದು ಮರದ ಮೇಲೆ ಕಂದು ಪಿಟೀಲು. ಉದ್ದದ ವಸ್ತುವನ್ನು ಬಾಗಿಲಿನ ಅಂಚಿಗೆ ಸಮವಾಗಿ ನಿಲ್ಲಿಸುವುದು. ಇಲಿಯನ್ನು ಆನೆಯಷ್ಟು ದೊಡ್ಡದಾಗಿ, ಆನೆಯನ್ನು ಇಲಿಯಷ್ಟು ಚಿಕ್ಕದಾಗಿ ಬರೆಯುವುದು. ತಲೆಕೆಳಗು ಮಾಡುವುದು. ಅರ್ಧ ಮರೆಮಾಡುವುದು. ಕಣ್ಣು ಇಂಥದೇ ಗಾತ್ರ, ಇಂಥದೇ ಜಾಗ ಎಂದು ಮೊದಲೇ ತೀರ್ಮಾನಿಸಿಕೊಂಡು ಹೊರಡುವುದರಿಂದ ಎದುರಿಗಿದ್ದುದೇ ಕಾಣದೆ ಹೋಗುತ್ತದೆ. ಡಿ.ಎಸ್. ಪರದೆ ಮೂರು ಅಂಗುಲದ್ದು. ಅಡ್ಡಕ್ಕೆ 256, ನೀಟಕ್ಕೆ 192 ಚುಕ್ಕೆಗಳಲ್ಲೇ ಎಲ್ಲವೂ ಮೂಡಬೇಕು. ಆದುದರಿಂದ ಚಿತ್ರವನ್ನು ಪರದೆಗಿಂತ ದೊಡ್ಡದು ಮಾಡಿ, ಕಡ್ಡಿಯಿಂದ ಅತ್ತಿತ್ತ ಎಳೆದು ನೋಡುವ ಏರ್ಪಾಡನ್ನು ಇಂಥ ಆಟಗಳಲ್ಲಿ ಮಾಡುತ್ತಾರೆ. ಬೀಡಿ ಎಲೆಯಷ್ಟಗಲದ ಬೆಳಕಿಗೆ ಗಂಟೆಗಟ್ಟಲೆ ಕಣ್ಣು ಕೀಲಿಸಿ ಕೂರುವುದು ಒಳ್ಳೆಯದಲ್ಲ ಎಂಬುದನ್ನು ಹೇಳಿಯೇ ಮುಂದೆ ಹೋಗೋಣ.

ಈ ಆಟಕ್ಕೆ ಹಿರಿಯರೂ ಉಂಟು. ಬ್ರಿಟನ್ನಿನ ಮಾರ್ಟಿನ್ ಹ್ಯಾಂಡ್‌ಫೋರ್ಡ್ ಎಂಬ ಚಿತ್ರಕಾರ 1987ರಲ್ಲಿ ತುಂಬಿ ತುಳುಕುವ ಜನಸಂದಣಿಯ ನಡುವೆ ಕೆಂಪು ಬಿಳಿ ಪಟ್ಟಿಯ ಅಂಗಿಯ ವಾಲಿಯನ್ನು ಅಡಗಿಸಿ ಲೋಕದ ಮಕ್ಕಳನ್ನೆಲ್ಲ ಹುಡುಕಲು ಹಚ್ಚಿದ. ಅದಕ್ಕೂ ಹಿಂದೆ, 1901ರಲ್ಲಿ, ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ಬರೆದ 'ಕಿಮ್' ಕಾದಂಬರಿಯಲ್ಲಿ ಸಿಮ್ಲಾದ ಒಂದು ಅಂಗಡಿಯೊಳಗೆ ಹುಡುಗರಿಗೆ ಗೂಢಚರ್ಯೆಯ ಪಾಠ ನಡೆಯುತ್ತದೆ. ತಟ್ಟೆಯ ತುಂಬ ಹರಳುಗಳು. ಸ್ವಲ್ಪ ಹೊತ್ತು ನೋಡಿ, ಮುಚ್ಚಿದ ಮೇಲೆ ಏನೇನಿತ್ತೆಂದು ಹೇಳಬೇಕು. ಬೇಡನ್ ಪೊವೆಲ್ 1908ರಲ್ಲಿ ಸ್ಕೌಟುಗಳಿಗಾಗಿ ಬರೆದ ಪುಸ್ತಕದಲ್ಲಿ ಈ ಆಟವನ್ನು ಸೇರಿಸಿಕೊಂಡ. ನಮ್ಮ ಶಾಲೆಗಳಲ್ಲಿ ಸ್ಕೌಟಿನಲ್ಲಿದ್ದವರು ಬೈರಾಸಿನಡಿಯ ಬಳಪ, ಗುಂಡಿ, ಬೀಗದಕೈಗಳನ್ನು ನೆನಪಿಸಿಕೊಂಡು ಪಟ್ಟಿಮಾಡಿದ ಆಟ ಇದೇ. ಕಿಮ್ ಆ ಆಟದಲ್ಲಿ ಮೊದಲು ಸೋಲುವುದು ಕಣ್ಣು ಚುರುಕಿಲ್ಲದ್ದರಿಂದಲ್ಲ. ಎದುರಾಳಿ ಹುಡುಗನಿಗೆ ಪ್ರತಿಯೊಂದು ಹರಳಿನ ಹೆಸರು, ಗುಣ, ದೋಷ ಎಲ್ಲ ಬಾಯಿಪಾಠವಾಗಿರುತ್ತದೆ. ಹೆಸರು ಗೊತ್ತಿದ್ದವನ ನೆನಪಿಗೆ ಹಿಡಿ ಸಿಗುತ್ತದೆ.

ಪತ್ತೇದಾರಿಕೆಯ ರುಚಿ ನಮ್ಮವರಿಗೆ ಯಂತ್ರ ಹತ್ತಿಸಿದ್ದಲ್ಲವೆಂಬುದನ್ನೂ ಹೇಳಬೇಕು. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'ನನ್ನು ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿದವರು ಈಗ ಅಜ್ಜಂದಿರಾಗಿದ್ದಾರೆ. 2011ರಲ್ಲಿ ತೀರಿಕೊಂಡ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ವಿಮರ್ಶಕರು ಅವುಗಳನ್ನು ಕಡೆಗಣಿಸಿದ್ದಿರಬಹುದು. ಆದರೆ ಕನ್ನಡ ಓದುವ ಅಭ್ಯಾಸವನ್ನು ಎಷ್ಟೋ ಜನರಿಗೆ ಹಿಡಿಸಿದ್ದು ಅವರ ಪುರುಷೋತ್ತಮನೇ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಮಗು ಕಳ್ಳನನ್ನು ಹಿಡಿಯುವ ಆತುರದಲ್ಲಿರುವಾಗ ತಾನು ಭಾಷೆ ಕಲಿಯುತ್ತಿದ್ದೇನೆಂಬುದನ್ನು ಮರೆತುಬಿಡುತ್ತದೆ.

ಹಾಗಾದರೆ ಅಜ್ಜಿಯ ಪ್ರಶ್ನೆಗೆ ಉತ್ತರವೇನು? ಕನ್ನಡದ ಅಕ್ಷರಗಳು ಯಂತ್ರಕ್ಕೆ ಒಗ್ಗುವುದಿಲ್ಲ ಎಂಬ ಮಾತು ಈಗ ನಡೆಯದು. ಲೋಕದ ಲಿಪಿಗಳಿಗೆಲ್ಲ ಸಂಕೇತ ಗೊತ್ತುಪಡಿಸುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಉಂಟು. ಅಲ್ಲದೆ ಈ ಜಾತಿಯ ಆಟದಲ್ಲಿ ಚಿತ್ರ ಬೇರೆ, ಪಟ್ಟಿ ಬೇರೆ. ಚಿತ್ರಕ್ಕೆ ಕೈಹಚ್ಚದೆ ಪಟ್ಟಿಯನ್ನು ಬದಲಿಸಿದರೆ ಆಟದ ಬಹುಪಾಲು ಕನ್ನಡವಾಗಿಬಿಡುತ್ತದೆ. ಕಂಪೆನಿಗಳು ಮಾಡದಿರುವುದು ಕೊಳ್ಳುವವರನ್ನು ಲೆಕ್ಕಹಾಕಿ. ಆ ಲೆಕ್ಕದಲ್ಲಿ ನಾಟ್ರಾಂಪಾಳ್ಯವೂ ಇಲ್ಲ, ಕುಂಬಳೆಯೂ ಇಲ್ಲ, ಹೇಳಹೋದರೆ ಬೆಂಗಳೂರೂ ಇಲ್ಲ.

ಆದರೆ ಪಟ್ಟಿ ಬದಲಿಸುವುದು ನಾವಂದುಕೊಂಡಷ್ಟು ಸುಲಭವಲ್ಲವೆಂಬುದು ಮನೆಗೆ ಹಿಂತಿರುಗಿದ ಮೇಲೆ ತಿಳಿಯಿತು.

ಮನೆಯಲ್ಲಿ ಮಾಡಿನೋಡಿದ್ದು

ನಮ್ಮ ಮಗಳು ಏಳನೆಯ ತರಗತಿ. ಚಿತ್ರ ಬರೆಯುವುದರಲ್ಲಿ ಆಸಕ್ತಿ. ಅವಳನ್ನು ಕೂರಿಸಿಕೊಂಡು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ನಮ್ಮ ಕಡೆಯ ಹಳೆಯ ಮನೆಯೊಂದರ ಅಂಗಳವನ್ನು ಬರೆಸಿದೆವು. ಅಡಿಕೆ ಹರವಿದ ಅಂಗಳ, ಜಗಲಿ, ತುಳಸಿಕಟ್ಟೆ, ಬಾವಿಕಟ್ಟೆ, ನಾಲ್ಕಾರು ಜನ. ಅದರೊಳಗೆ ಹದಿನೈದು ವಸ್ತುಗಳನ್ನು ಅಡಗಿಸಿದೆವು. ಕೆಳಗೆ ಕನ್ನಡದಲ್ಲಿ ಪಟ್ಟಿ. ಒನಕೆ, ಕಡೆಗೋಲು, ಹಿಡಿಸೂಡಿ, ಕೊಡಪಾನ, ಹೆರೆಮಣೆ, ಚೆನ್ನೆಮಣೆ, ಕತ್ತಿ, ಮುಡಿ, ಹೀಗೆ. ಕಳ್ಳ ಯಾರೆಂಬ ಕತೆಯನ್ನು ಮಗಳೇ ಹೆಣೆದಳು.

ಮೊದಲು ನೆರೆಮನೆಯ ಮಕ್ಕಳಿಗೆ ಕೊಟ್ಟೆವು. ಇಬ್ಬರು ಕನ್ನಡ ಮಾಧ್ಯಮದವರು, ಒಬ್ಬಳು ಮಲಯಾಳ ಮಾಧ್ಯಮದವಳು. ಕನ್ನಡದ ಹುಡುಗರು ಪಟ್ಟಿಯನ್ನು ತಪ್ಪಿಲ್ಲದೆ ಓದಿದರು. ಆದರೆ ಕಡೆಗೋಲು ಎಲ್ಲಿದೆಯೆಂದರೆ ಬಾಗಿಲ ಬಳಿ ನಿಂತಿದ್ದ ಅಜ್ಜನ ಊರುಗೋಲನ್ನು ತೋರಿಸಿದರು. ಮಜ್ಜಿಗೆ ಕಡೆಯುವುದನ್ನು ಕಂಡಿದ್ದರಲ್ಲವೇ ಗೊತ್ತಾಗುವುದು? ಮನೆಯಲ್ಲಿ ಮಿಕ್ಸಿ. ತಮಾಷೆಯೆಂದರೆ, ಒನಕೆಯನ್ನು ಮೊದಲು ಗುರುತಿಸಿದವಳು ಮಲಯಾಳ ಮಾಧ್ಯಮದ ಹುಡುಗಿ. ಅವಳ ಮನೆಯಲ್ಲಿ ಉಲಕ್ಕ ಇನ್ನೂ ಉಂಟಂತೆ. ಹೆರೆಮಣೆಯನ್ನು ಮೂವರೂ ಕೂಡಲೇ ಮುಟ್ಟಿದರು. ಆದರೆ ಮೂವರೂ ಅದನ್ನು ಕರೆದದ್ದು ಚಿರವ ಎಂದು.

ಚಿರವ ಎಂದರೆ ತಪ್ಪೆಂದು ನಾವು ಹೇಳಲಾರೆವು. ಗಡಿನಾಡಿನ ಮಗುವಿನ ಬಾಯಲ್ಲಿ ನಾಲ್ಕು ಭಾಷೆ ಇರುವುದು ಅದರ ಆಸ್ತಿ. ತುಳುವಿನಲ್ಲಿ ತಡ್ಪೆ, ಕನ್ನಡದಲ್ಲಿ ಗೆರಸೆ ಅಥವಾ ಮೊರ, ಮಲಯಾಳದಲ್ಲಿ ಮುರಂ, ತಮಿಳಿನಲ್ಲಿ ಮುರಮ್. ವಸ್ತು ಒಂದೇ, ಅಕ್ಕಿ ಕೇರುವುದೂ ಒಂದೇ. ಆದರೆ ನಾಲ್ಕರಲ್ಲಿ ಮೂರು ಉಳಿದು ಒಂದು ಜಾರಿಹೋಗುವಾಗ, ಜಾರಿದುದು ಯಾವಾಗಲೂ ಮನೆಯ ಮಾತೇ ಆಗಿರುತ್ತದಲ್ಲ, ಅದೇ ನಮಗೆ ಕಸಿವಿಸಿ.

ಶಾಲೆಯ ಮಾತಿಗೆ ಬಂದರೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ ಹೇಳುತ್ತದೆ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯ ಮಾಡುವ ಕಾಯಿದೆ ತಂದಿತು. ಕೇರಳ 2017ರಲ್ಲಿ ಮಲಯಾಳಕ್ಕಾಗಿ ತಂದಿತು. ಇವುಗಳ ಬಗ್ಗೆ ನಮ್ಮವರು ಸಾಕಷ್ಟು ಮನವಿ ಬರೆದಿದ್ದಾರೆ, ಮೆರವಣಿಗೆ ಮಾಡಿದ್ದಾರೆ. ಮಾಡಬೇಕಾದದ್ದೇ. ಆದರೆ ನಾಟ್ರಾಂಪಾಳ್ಯದ ಆ ಮನೆಯಲ್ಲಿ ರಾತ್ರಿ ಮುದ್ದೆಯೂಟ ಮುಗಿಸಿ ಕುಳಿತಾಗ ಹುಡುಗನ ತಂದೆ ಹೇಳಿದ ಮಾತು ಯಾವ ಮನವಿಯಲ್ಲೂ ಕಾಣಸಿಗುವಂಥದಲ್ಲ.

"ಬರೋ ಜೂನ್‌ಗೆ ಇವನ್ನ ತಮಿಳು ಮೀಡಿಯಮ್ಮಿಗೆ ಸೇರಿಸೋಣ ಅಂತಿದೀನಿ ಸಾರ್. ನಾಳೆ ಸರ್ಕಾರಿ ಕೆಲ್ಸದ ಪರೀಕ್ಷೆಗೆ ತಮಿಳು ಬೇಕೇ ಬೇಕು. ಕನ್ನಡ ಎಲ್ಲೋಯ್ತದೆ? ಮನೇಲೈತಲ್ಲ."

ತಂದೆಯ ಲೆಕ್ಕ ತಪ್ಪೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಅವರು ಮಗನ ಅನ್ನದ ದಾರಿ ನೋಡುತ್ತಿದ್ದಾರೆ. ಆದರೆ 'ಮನೆಯಲ್ಲಿದೆ' ಎಂಬ ಭರವಸೆ ನಿಂತಿರುವುದು ಆ ಅಜ್ಜಿಯ ಮೇಲೆ. ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ಎತ್ತು ಹೋಗಿ ಟ್ರ್ಯಾಕ್ಟರು ಬಂದಿದೆ. ಲಾಳ ಎಂಬ ಮಾತು ಆ ಮನೆಯಲ್ಲಿ ಬಾಯಿಗೆ ಬಂದು ಎಷ್ಟು ವರ್ಷವಾಗಿತ್ತೋ. ಆ ದಿನ ಅದನ್ನು ಹೊರಗೆಳೆದದ್ದು ಜಪಾನಿನ ಯಂತ್ರ ಮತ್ತು ಒಂದು ಇಂಗ್ಲಿಷ್ ಪಟ್ಟಿ. ಯಂತ್ರವನ್ನು ಬೈದು ಮೂಲೆಗೆಸೆಯುವ ಉಪದೇಶವನ್ನು ನಾವು ಮಾಡದಿರುವುದು ಇದಕ್ಕೇ. ಪಕ್ಕದಲ್ಲಿ ಅಜ್ಜಿ ಕುಳಿತಿದ್ದರೆ ಅದು ಒಳ್ಳೆಯ ಆಟ. ಮಗು ಒಂಟಿಯಾಗಿ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಆಡಿದರೆ, ಹಾರ್ಸ್ ಶೂ ಎಂಬುದು ಹಾರ್ಸ್ ಶೂ ಆಗಿಯೇ ಉಳಿಯುತ್ತಿತ್ತು, ಅಷ್ಟೆ. ಈ ಸಣ್ಣ ಮಾತನ್ನು ತಂದೆಗೆ ಹೇಳಿದೆವು. ಅವರು ತಲೆದೂಗಿದರು, ಒಪ್ಪಿದರೋ ಅತಿಥಿಗೆ ಮರ್ಯಾದೆ ಕೊಟ್ಟರೋ ತಿಳಿಯಲಿಲ್ಲ.

ಮಗಳು ಬರೆದ ಅಂಗಳದ ಚಿತ್ರವನ್ನು ಫೋಟೋ ತೆಗೆದು ಫೋನಿನಲ್ಲಿ ನಾಟ್ರಾಂಪಾಳ್ಯಕ್ಕೂ ಕಳುಹಿಸಿದೆವು. ಒಂದು ವಾರಕ್ಕೆ ಉತ್ತರ ಬಂತು. ಹುಡುಗ ಅದನ್ನು ಹೊಸೂರಿನಲ್ಲೋ ಅಂಚೆಟ್ಟಿಯಲ್ಲೋ ಕಾಗದದ ಮೇಲೆ ಅಚ್ಚುಹಾಕಿಸಿ, ಕೆಂಪು ಪೆನ್ನಿನಿಂದ ಸುತ್ತುಹಾಕಿ, ಮತ್ತೆ ಫೋಟೋ ತೆಗೆದು ಕಳುಹಿಸಿದ್ದ.

ಹಿಡಿಸೂಡಿಗೆ ಪ್ರಶ್ನೆಯ ಚಿಹ್ನೆ. ಅವರಲ್ಲಿ ಅದು ಪೊರಕೆ. ಕೊಡಪಾನವನ್ನು ಸರಿಯಾಗಿ ಸುತ್ತಿ, ಪಕ್ಕದಲ್ಲಿ 'ಬಿಂದಿಗೆ' ಎಂದು ಬರೆದು ನಮ್ಮನ್ನು ತಿದ್ದಿದ್ದ. ಚೆನ್ನೆಮಣೆ ಸಿಕ್ಕಿತ್ತು; ಅಜ್ಜಿ ಅದನ್ನು ಅಳಿಗುಳಿಮಣೆ ಎಂದರಂತೆ. ಕತ್ತಿಯ ಬಳಿ ಮನೆಯಲ್ಲಿ ದೊಡ್ಡ ವಾದವಾಗಿದೆ. ನಾವು ಅಡಗಿಸಿದ್ದು ನಮ್ಮ ಕಡೆಯವರು ಸೊಪ್ಪು ಸೌದೆ ಕಡಿಯುವ, ಅವರು ಮಚ್ಚು ಎನ್ನುವ ಕತ್ತಿ. ಕನ್ನಡ ಪುಸ್ತಕದಲ್ಲಿ ರಾಜರ ಕೈಯಲ್ಲಿರುವ ಕತ್ತಿಯನ್ನು ನೆನೆದು ಹುಡುಗ ಮೊದಲು ಸೈನಿಕನನ್ನು ಹುಡುಕಿದ್ದಾನೆ. ತಮಿಳಿನಲ್ಲಿ ಕತ್ತಿಯೆಂದರೆ ಚಾಕು ತಾನೇ ಎಂದು ತಂದೆ ತರಕಾರಿಯ ಬಳಿಯ ಚಾಕುವನ್ನು ತೋರಿಸಿದ್ದಾರೆ. ಹುಡುಗ ಕೊನೆಗೆ ಎರಡಕ್ಕೂ ಅರ್ಧರ್ಧ ಸುತ್ತು ಹಾಕಿದ್ದ.

ಮುಡಿ ಎಂಬಲ್ಲಿ ನಾವು ಸೋತೆವು. ಜಗಲಿಯ ಮೂಲೆಯಲ್ಲಿ ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಮುಡಿಯನ್ನು ಅಡಗಿಸಿಟ್ಟು, ಇದನ್ನು ಯಾರೂ ಸುಲಭದಲ್ಲಿ ಕಾಣಲಾರರು ಎಂದು ಮಗಳು ಹೆಮ್ಮೆಪಟ್ಟಿದ್ದಳು. ಹುಡುಗ ಅದರತ್ತ ತಿರುಗಿಯೂ ನೋಡಿಲ್ಲ. ಬಾವಿಕಟ್ಟೆಯ ಬಳಿ ಬೆನ್ನು ಹಾಕಿ ನಿಂತಿದ್ದ ಹೆಂಗಸಿನ ಕೂದಲ ಗಂಟಿಗೆ ದೊಡ್ಡದಾಗಿ ಸುತ್ತು ಹಾಕಿದ್ದ. ಸರಿ ಎಂದು ಅಂಕ ಕೊಟ್ಟೆವು. ಮಗಳು ಒಪ್ಪಲಿಲ್ಲ.

ಕೆಳಗೆ ಇನ್ನೊಂದು ಫೋಟೋ ಇತ್ತು. ನೋಟುಪುಸ್ತಕದ ಒಂದು ಪುಟ. ಅಜ್ಜಿ ಹೇಳಿ ಮೊಮ್ಮಗ ಬರೆದ ಪಟ್ಟಿ. ಚಿತ್ರ ಮುಂದಿನ ವಾರ ಬರುತ್ತದಂತೆ. ಲಾಳ, ಕುಂಟೆ, ಕೂರಿಗೆ, ವಾಡೆ, ಬೀಸುವ ಕಲ್ಲು, ಹರಿಗೋಲು... ಒಟ್ಟು ಹನ್ನೊಂದು. ಗದ್ದೆ ತೋಟಗಳ ಊರಿನವಳಾದ ನಮ್ಮ ಮಗಳು ಮೂರನೆಯದರಲ್ಲೇ ನಿಂತಳು.

"ಅಪ್ಪಾ, ಕೂರಿಗೆ ಹೇಳಿದರೆ ಎಂತದು?"

ಬಿತ್ತನೆಯ ಸಾಧನವೆಂದು ಓದಿ ಗೊತ್ತಿತ್ತು. ಬರೆದು ತೋರಿಸು ಎಂದಾಗ ನಮಗೂ ಕೈ ಬರಲಿಲ್ಲ.